ರೆಗ್ಗೆ ಥರದ ರಾಕ್ ಗ್ರೂವ್ ಬಾರಿಸಿದರೆ ಹಾಡು ನಿದ್ದೆ ಹೋದಂತೆ ಆಗುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?

ಕಿಕ್‌ಕಾಲು · ಶನಿವಾರ ರಾತ್ರಿ 9:12

ಎಲ್ಲರಿಗೂ ನಮಸ್ಕಾರ. 6 ವರ್ಷದಿಂದ ಡ್ರಮ್ಸ್ ಬಾರಿಸುತ್ತಿದ್ದೇನೆ. ಇಷ್ಟು ದಿನ ಬರೀ ರಾಕ್. ನಾಲ್ಕು ಬೀಟ್‌ಗಳಲ್ಲಿ 1 ಮತ್ತು 3ರಲ್ಲಿ ಕಿಕ್ (ಕಾಲಿಂದ ಬಾರಿಸುವ ದೊಡ್ಡ ಡ್ರಮ್), 2 ಮತ್ತು 4ರಲ್ಲಿ ಸ್ನೇರ್ (ಕಡ್ಡಿಯಲ್ಲಿ ಬಾರಿಸುವ ಚುರುಕು ಸದ್ದಿನ ಡ್ರಮ್), ಕೋರಸ್ ಬಂತು ಅಂದರೆ ಕ್ರ್ಯಾಶ್ ತಟ್ಟೆ. ಅದು ಕೈಗೆ ಕೂತಿದೆ.

ಈಗ ನಮ್ಮ ಬ್ಯಾಂಡ್‌ನಲ್ಲಿ ಎರಡು ಹೊಸ ಹಾಡು ಕಟ್ಟಿದ್ದೇವೆ. ಚರಣದಲ್ಲಿ ಜಮೈಕಾದ ರೆಗ್ಗೆ, ಕೋರಸ್‌ನಲ್ಲಿ ಜೋರು ರಾಕ್. ಒನ್ ಡ್ರಾಪ್ ಅನ್ನುವ ರೆಗ್ಗೆ ಗ್ರೂವ್ ಬಗ್ಗೆ ಓದಿಕೊಂಡೆ. 1 ಖಾಲಿ ಬಿಡಬೇಕು, 3ರಲ್ಲಿ ಕಿಕ್ ಮತ್ತು ಕ್ರಾಸ್‌ಸ್ಟಿಕ್ (ಕಡ್ಡಿಯನ್ನು ಸ್ನೇರ್ ಮೇಲೆ ಅಡ್ಡ ಇಟ್ಟು ಅಂಚಿಗೆ ಬಡಿಯುವುದು) ಒಟ್ಟಿಗೆ ಬೀಳಬೇಕು ಅಂತ ಇತ್ತು. ಹಾಡಿನ ಟೆಂಪೊ ನಿಮಿಷಕ್ಕೆ 75 ಬೀಟ್. ಕ್ಲಿಕ್ (ಮೆಟ್ರೊನೋಮ್) ಅಲ್ಲಿಗೆ ಇಟ್ಟು ಹಾಗೇ ಬಾರಿಸಿದೆ. ಬೇಸ್ ಬಾರಿಸುವವನು ಎರಡು ನಿಮಿಷಕ್ಕೇ ನಿಲ್ಲಿಸಿ, "ನೀನು ಇದ್ದೀಯಾ ಇಲ್ವಾ ಅಂತಾನೇ ಗೊತ್ತಾಗ್ತಿಲ್ಲ" ಅಂದ. ರೆಕಾರ್ಡಿಂಗ್ ಕೇಳಿದೆ. ಅವನು ಹೇಳಿದ್ದು ನಿಜ. ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವೆ ಏನೂ ಇಲ್ಲ, ದೊಡ್ಡ ಹೊಂಡ.

ಇನ್ನೂ ಎರಡು ತೊಂದರೆ ಇವೆ. ಸ್ವಲ್ಪ ಮೈಮರೆತರೆ ಬಲಗಾಲು ತಾನಾಗಿ 1ರಲ್ಲಿ ಕಿಕ್ ಹೊಡೆದುಬಿಡುತ್ತದೆ. ಮತ್ತೆ ಚರಣ ಮುಗಿದು ಕೋರಸ್‌ಗೆ ಹೋಗುವಾಗ ವೇಗ ಏರುತ್ತದೆ. ಅಳೆದು ನೋಡಿದೆ, 75ರಲ್ಲಿ ಹೊರಟಿದ್ದು ಕೋರಸ್‌ನಲ್ಲಿ 81 ಆಗಿತ್ತು.

ಆ ಹಾಯಾದ ಗ್ರೂವ್ ಬೇರೆಯವರು ಬಾರಿಸಿದಾಗ ಮೈ ತಾನಾಗಿ ತೂಗುತ್ತದೆ. ನಾನು ಬಾರಿಸಿದರೆ ಯಾಕೆ ಹಾಗಾಗುವುದಿಲ್ಲ?

ಕಡ್ಡಿಜೋಡಿ · ಶನಿವಾರ ರಾತ್ರಿ 9:20

ಮೊದಲು ಭುಜ ಇಳಿಸಿ. ನಾನಂತೂ ರೆಗ್ಗೆ ಬಾರಿಸುವ ಮುಂಚೆ ಎರಡು ನಿಮಿಷ ಸುಮ್ನೆ ಕೂತು ಉಸಿರಾಡುತ್ತೇನೆ. ಭುಜ ಕಿವಿ ಹತ್ತಿರ ಏರಿದ್ದರೆ ಯಾವ ಗ್ರೂವೂ ಹಾಯಾಗಿ ಬರುವುದಿಲ್ಲ.

ರಿಮ್‌ಶಾಟ್_ರಾಯ · ಶನಿವಾರ ರಾತ್ರಿ 9:31

ಕೇಳೋದು ಕಮ್ಮಿ ಆಗಿದೆ ಅನ್ಸುತ್ತೆ. ಒಂದು ತಿಂಗಳು ಬಾಬ್ ಮಾರ್ಲಿಯ ಡ್ರಮ್ಮರ್ ಕಾರ್ಲ್ಟನ್ ಬ್ಯಾರೆಟ್ ಬಾರಿಸಿದ್ದನ್ನು ಬಿಟ್ಟು ಬೇರೆ ಏನೂ ಕೇಳಬೇಡಿ. ತಾನಾಗಿ ಬರುತ್ತೆ.

ಮೂರನೇಪೆಟ್ಟು · ಶನಿವಾರ ರಾತ್ರಿ 9:48

ತಾನಾಗಿ ಬರುವುದಿಲ್ಲ, ಯಾಕಂದರೆ ಇಲ್ಲಿ ಎಣಿಕೆಯೇ ತಪ್ಪಿರಬಹುದು. ಕಿಕ್‌ಕಾಲು, ಒಂದು ಪ್ರಶ್ನೆ. ನೀವು 75ರ ಕ್ಲಿಕ್‌ಗೆ "1 2 3 4" ಎಣಿಸುವಾಗ ಗಿಟಾರ್‌ನವರ ಆ ಚಿಕ್ಕ "ಚಕ್" ಎಲ್ಲಿ ಬೀಳುತ್ತದೆ? ಕ್ಲಿಕ್ ಮೇಲೋ, ಎರಡು ಕ್ಲಿಕ್‌ಗಳ ನಡುವೆಯೋ?

ಕಿಕ್‌ಕಾಲು · ಶನಿವಾರ ರಾತ್ರಿ 9:55

ನಡುವೆ. ಪ್ರತಿ ಕ್ಲಿಕ್ ಆದಮೇಲೆ ಒಂದು ಚಕ್.

ಮೂರನೇಪೆಟ್ಟು · ಶನಿವಾರ ರಾತ್ರಿ 10:14

ಸಿಕ್ಕಿತು. ನೀವು ಬಾರಿಸಬೇಕಾದ ಪೆಟ್ಟುಗಳಲ್ಲಿ ಅರ್ಧ ಮಾತ್ರ ಬಾರಿಸುತ್ತಿದ್ದೀರಿ.

"3ರಲ್ಲಿ ಡ್ರಾಪ್" (ಕಿಕ್ ಮತ್ತು ಕ್ರಾಸ್‌ಸ್ಟಿಕ್ ಒಟ್ಟಿಗೆ ಬೀಳುವ ಪೆಟ್ಟು) ಅಂತ ಬರೆಯುವವರು ಗಿಟಾರ್ ಚಕ್ 2 ಮತ್ತು 4ರಲ್ಲಿ ಬೀಳುವ ಹಾಗೆ ಎಣಿಸಿರುತ್ತಾರೆ. ಅಂದರೆ ನಿಮ್ಮ ಹಾಡನ್ನು ಅವರು 150 ಅಂತ ಎಣಿಸುತ್ತಾರೆ. ಆ ಎಣಿಕೆಯಲ್ಲಿ ಒಂದು ಬೀಟ್ 0.4 ಸೆಕೆಂಡ್, ನಾಲ್ಕು ಬೀಟ್ ಸೇರಿ 1.6 ಸೆಕೆಂಡ್. ಡ್ರಾಪ್ 1.6 ಸೆಕೆಂಡಿಗೆ ಒಮ್ಮೆ ಬರಬೇಕು. ನೀವು 75ರ ಎಣಿಕೆಯಲ್ಲಿ 3ರಲ್ಲಿ ಮಾತ್ರ ಹೊಡೆದಿರಿ. ಅಲ್ಲಿ ಒಂದು ಬೀಟ್ 0.8 ಸೆಕೆಂಡ್, ನಾಲ್ಕು ಸೇರಿ 3.2. ಹಾಗಾಗಿ ನಿಮ್ಮ ಡ್ರಾಪ್ 3.2 ಸೆಕೆಂಡಿಗೆ ಒಮ್ಮೆ. ನೀವು ಹೇಳಿದ ಹೊಂಡ ಅದೇ.

75ರಲ್ಲೇ ಎಣಿಸಬೇಕು ಅಂದರೆ ಡ್ರಾಪ್ 2 ಮತ್ತು 4ರಲ್ಲಿ. 150ರಲ್ಲಿ ಎಣಿಸಿದರೆ 3ರಲ್ಲಿ. ಎರಡೂ ಒಂದೇ ಜಾಗ.

ರಿಮ್‌ಶಾಟ್_ರಾಯ · ಶನಿವಾರ ರಾತ್ರಿ 10:22

ಇದನ್ನು ಒಪ್ಪುವುದಿಲ್ಲ. 150 ಅಂತ ಎಣಿಸಿದರೆ ಮನಸ್ಸಿಗೇ ಅವಸರ ಹತ್ತುತ್ತದೆ. ರೆಗ್ಗೆ ನಿಧಾನದ ಸಂಗೀತ. ತಲೆ ಎಲ್ಲಿ ತೂಗುತ್ತದೋ ಅದೇ ಬೀಟ್. ತಲೆ 75ಕ್ಕೆ ತೂಗುತ್ತದೆ. ಆದ್ದರಿಂದ ಡ್ರಾಪ್ 2 ಮತ್ತು 4ರಲ್ಲಿ, ಮುಗಿಯಿತು. 3 ಅನ್ನೋದು ಪುಸ್ತಕದವರು ಮಾಡಿದ ಗೊಂದಲ.

ಮೂರನೇಪೆಟ್ಟು · ಶನಿವಾರ ರಾತ್ರಿ 10:27

ಪುಸ್ತಕದವರದ್ದಲ್ಲ. "ಒನ್ ಡ್ರಾಪ್" ಅನ್ನುವ ಹೆಸರನ್ನೇ ಬಹಳ ಜನ ಹೀಗೆ ವಿವರಿಸುತ್ತಾರೆ: ನಾಲ್ಕು ಬೀಟ್‌ಗಳಲ್ಲಿ ಒಂದನೆಯದನ್ನು ಕೈಬಿಡುವುದು. ನಿಮ್ಮ ಎಣಿಕೆಯಲ್ಲಿ 1 ಮತ್ತು 3 ಎರಡೂ ಖಾಲಿ ಆಗುತ್ತವೆ. ಹಾಗೆ ಎಣಿಸಿದರೆ ತಪ್ಪು ಅಂತ ನಾನು ಹೇಳುತ್ತಿಲ್ಲ. ಆದರೆ 3 ಅನ್ನುವವರು ತಪ್ಪು ಅಂತ ನೀವು ಹೇಳುವುದು ಸರಿಯಲ್ಲ.

ತನಿ_ತಾರಾ · ಶನಿವಾರ ರಾತ್ರಿ 10:51

ಇಬ್ಬರೂ ಒಂದೇ ಹಾಡನ್ನು ಬೇರೆ ಬೇರೆ ಕಳೆಯಲ್ಲಿ (ತಾಳದ ಎಣಿಕೆಯ ಅಳತೆ) ಹಾಕುತ್ತಿದ್ದೀರಿ, ಅಷ್ಟೇ. ನಾನು ಮೊದಲು ಮೃದಂಗ ಕಲಿತವಳು, ಡ್ರಮ್ಸ್‌ಗೆ ಆಮೇಲೆ ಬಂದೆ. ಆದಿತಾಳವನ್ನು ಒಂದು ಕಳೆಯಲ್ಲೂ ಹಾಕಬಹುದು, ಎರಡು ಕಳೆಯಲ್ಲೂ ಹಾಕಬಹುದು. ಕೈ ಬೀಸುವ ಲೆಕ್ಕ ಬದಲಾಗುತ್ತದೆ, ಹಾಡಿನ ನಡೆ ಬದಲಾಗುವುದಿಲ್ಲ. ಬ್ಯಾಂಡ್‌ನ ಎಲ್ಲರೂ ಒಂದೇ ಎಣಿಕೆ ಒಪ್ಪಿಕೊಂಡರೆ ಸಾಕು.

1 ಖಾಲಿ ಬಿಡುವುದು ರಾಕ್ ಬಾರಿಸುವವರಿಗೆ ಯಾಕೆ ಕಷ್ಟ ಅಂತಲೂ ನನಗೆ ಅಲ್ಲಿಂದಲೇ ಅರ್ಥ ಆಗಿದ್ದು. ಎಡುಪು (ಹಾಡು ಶುರುವಾಗುವ ಜಾಗ) ಸಮದಲ್ಲಿ (ತಾಳದ ಮೊದಲ ಪೆಟ್ಟು) ಇಲ್ಲದ ಕೃತಿಗೆ ನುಡಿಸುವಾಗ ಸಮ ಎಲ್ಲಿದೆ ಅಂತ ಹಾಡು ತೋರಿಸಿಕೊಡುವುದಿಲ್ಲ. ಆದರೂ ಅದು ನಮ್ಮೊಳಗೆ ಗಟ್ಟಿಯಾಗಿ ಇರುತ್ತದೆ. ಹಾಗಾಗಿ ಕಿಕ್‌ಕಾಲು ಅವರೇ, 1 ಅನ್ನು ಕಾಲಿಂದ ತೆಗೆದು ಬಾಯಿಗೆ ಹಾಕಿ. ಪ್ರತಿ ಬಾರ್‌ನಲ್ಲೂ (ನಾಲ್ಕು ಬೀಟ್‌ಗಳ ಸುತ್ತು) ಕೇಳುವ ಹಾಗೆ "ಒಂದು" ಅನ್ನಿ. ಒಂದು ವಾರ ಬಾಯಲ್ಲಿ ಹೇಳಿ. ಅದು ಒಳಗೆ ಕೂತ ಮೇಲೆ ಕಾಲಿಗೆ ಅಲ್ಲಿ ಹೊಡೆಯುವ ಚಡಪಡಿಕೆ ಇರುವುದಿಲ್ಲ.

ಬೇಸ್‌ತಂತಿ · ಶನಿವಾರ ರಾತ್ರಿ 11:05

ಬೇಸ್ ಬಾರಿಸುವವನಾಗಿ ಒಂದು ಮಾತು. ಡ್ರಮ್ಸ್ 1 ಬಿಟ್ಟಾಗ ಆ ಜಾಗ ನಮ್ಮದಾಗುತ್ತದೆ. ಕೆಲವು ಸಲ ನಾವೂ ಬಿಡುತ್ತೇವೆ. ರೆಗ್ಗೆಯಲ್ಲಿ ಬೇಸ್ ಬರೀ ಕಿಕ್‌ನ ಹಿಂದೆ ಹೋಗುವ ವಾದ್ಯ ಅಲ್ಲ, ಅದೇ ಒಂದು ರಾಗ ಹಾಡುತ್ತಿರುತ್ತದೆ. ಕಾರ್ಲ್ಟನ್ ಬ್ಯಾರೆಟ್ ಮತ್ತು ಆಸ್ಟನ್ ಬ್ಯಾರೆಟ್ ಅಣ್ಣತಮ್ಮಂದಿರು. ಒಬ್ಬರು ಡ್ರಮ್ಸ್, ಒಬ್ಬರು ಬೇಸ್. ಬಾಬ್ ಮಾರ್ಲಿ ಜೊತೆಗೆ ಸೇರುವ ಮುಂಚೆಯೇ ರೆಗ್ಗೆ ನಿರ್ಮಾಪಕ ಲೀ ಪೆರಿಯ ಅಪ್‌ಸೆಟರ್ಸ್ ತಂಡದಲ್ಲಿ ಇಬ್ಬರೂ ಒಟ್ಟಿಗೆ ಬಾರಿಸಿದ್ದರು. ಒಬ್ಬ ಬಿಟ್ಟ ಜಾಗದಲ್ಲಿ ಇನ್ನೊಬ್ಬ ಏನು ಮಾಡುತ್ತಾನೆ ಅಂತ ಕಿವಿಗೊಟ್ಟು ಕೇಳಿ.

ನಿಮ್ಮ ಬೇಸ್‌ನವರನ್ನು ಕೂರಿಸಿಕೊಂಡು ನೀವಿಬ್ಬರೇ ಅರ್ಧ ಗಂಟೆ ಬಾರಿಸಿ. ಗಿಟಾರ್ ಬೇಡ, ಹಾಡು ಬೇಡ. ಅವರು "ಇದ್ದೀಯಾ ಇಲ್ವಾ" ಅಂದಿದ್ದಕ್ಕೆ ಉತ್ತರ ಅಲ್ಲೇ ಸಿಗುತ್ತದೆ.

ಕಿಕ್‌ಕಾಲು · ಭಾನುವಾರ ಬೆಳಗ್ಗೆ 8:30

ಅಬ್ಬಾ! ಎದ್ದ ಕೂಡಲೇ ಪ್ಯಾಡ್ ಮೇಲೆ 150ರ ಎಣಿಕೆಯಲ್ಲಿ ಬಾರಿಸಿ ನೋಡಿದೆ. ಹೊಂಡ ಹೋಯಿತು. ಆರು ವಾರ ಅರ್ಧ ಗ್ರೂವ್ ಬಾರಿಸಿಕೊಂಡಿದ್ದೆ. ಮೂರನೇಪೆಟ್ಟು ಅವರಿಗೆ ದೊಡ್ಡ ಥ್ಯಾಂಕ್ಸ್.

ಆದರೆ ಇನ್ನೂ ಗಡುಸಾಗಿದೆ. ಪೆಟ್ಟು ಸರಿಯಾದ ಜಾಗದಲ್ಲಿ ಬೀಳುತ್ತಿದೆ, ತೂಗುತ್ತಿಲ್ಲ. ಮತ್ತೆ ನನ್ನ ಕ್ರಾಸ್‌ಸ್ಟಿಕ್ ಸದ್ದು "ಟಿಕ್" ಅಂತ ತೆಳ್ಳಗಿದೆ. ರೆಕಾರ್ಡಿಂಗ್‌ಗಳಲ್ಲಿ ಕೇಳುವುದು "ಟೊಕ್" ಅಂತ ಮರದ ಸದ್ದು.

ಹಳೇಸ್ನೇರ್ · ಭಾನುವಾರ ಬೆಳಗ್ಗೆ 9:10

ಕ್ರಾಸ್‌ಸ್ಟಿಕ್ ಬಗ್ಗೆ ನಾನು ಹೇಳುತ್ತೇನೆ. ಇದಕ್ಕೇ ನಾನು ವರ್ಷ ಕಳೆದಿದ್ದೇನೆ.

ಕಡ್ಡಿಯನ್ನು ತಿರುಗಿಸಿ ಹಿಡಿಯಿರಿ. ತುದಿ ಇರುವ ಕಡೆ ಅಂಗೈ ಕೆಳಗೆ ಬರಲಿ, ದಪ್ಪ ಬುಡ ರಿಮ್ ಮೇಲೆ ಬೀಳಲಿ. ತುದಿಯನ್ನು ಸ್ನೇರ್‌ನ ಹೆಡ್ ಮೇಲೆ ಊರಿ, ಅಂಗೈಯನ್ನೂ ಹೆಡ್ ಮೇಲೆ ಇಡಿ. ತುದಿ ಅಲ್ಲಾಡಬಾರದು, ಬುಡ ಮಾತ್ರ ಮೇಲೆದ್ದು ಬೀಳಬೇಕು. ಕೈ ಪೂರ್ತಿ ಎತ್ತಿದರೆ ಪ್ರತಿ ಸಲ ಜಾಗ ತಪ್ಪುತ್ತದೆ, ಸದ್ದೂ ತಪ್ಪುತ್ತದೆ.

ಈಗ ಬುಡ ರಿಮ್‌ನಿಂದ ಎಷ್ಟು ಹೊರಗೆ ಚಾಚಿದೆ ನೋಡಿ. ಜಾಸ್ತಿ ಚಾಚಿದ್ದರೆ ಒಂಥರಾ ಸದ್ದು, ಕಮ್ಮಿ ಇದ್ದರೆ ಇನ್ನೊಂಥರಾ. ಕಡ್ಡಿಯನ್ನು ಒಂದೊಂದು ಬೆರಳಗಲ ಒಳಗೆ ಎಳೆಯುತ್ತಾ ಟಕ್ ಟಕ್ ಅಂತ ಬಡಿಯುತ್ತಾ ಹೋಗಿ. ಒಂದು ಕಡೆ ಸದ್ದು ಇದ್ದಕ್ಕಿದ್ದಂತೆ ದಪ್ಪ ಆಗುತ್ತದೆ, ಮರ ಬಾಯಿ ಬಿಟ್ಟ ಹಾಗೆ. ಅಲ್ಲಿ ಕಡ್ಡಿ ಮೇಲೆ ಪೆನ್ಸಿಲ್‌ನಿಂದ ಒಂದು ಗೆರೆ ಹಾಕಿಕೊಳ್ಳಿ. ಪ್ರತಿ ಸಲ ರಿಮ್ ಆ ಗೆರೆಗೆ ತಾಗಲಿ. ನನ್ನ ಎಲ್ಲ ಕಡ್ಡಿಗಳ ಮೇಲೂ ಆ ಗೆರೆ ಇದೆ.

ತೆಳ್ಳಗಿನ ಕಡ್ಡಿಯಲ್ಲಿ ಎಷ್ಟು ಹುಡುಕಿದರೂ ಟೊಕ್ ಸಿಗುವುದು ಕಷ್ಟ. ಅದಕ್ಕೆ ದಪ್ಪ ಬೇಕು.

ಕಡ್ಡಿಜೋಡಿ · ಭಾನುವಾರ ಬೆಳಗ್ಗೆ 9:26

ಪೆನ್ಸಿಲ್ ಗೆರೆ! ಇಷ್ಟು ವರ್ಷ ಇದು ಹೊಳೆದಿರಲಿಲ್ಲ. ಈಗಲೇ ಹಾಕಿದೆ.

ಸದ್ದುಮನೆ · ಭಾನುವಾರ ಬೆಳಗ್ಗೆ 10:02

ನಾನು ರೆಕಾರ್ಡಿಂಗ್ ಕೆಲಸ ಮಾಡುವವನು. ಹಳೇಸ್ನೇರ್ ಹೇಳಿದ್ದರ ಜೊತೆಗೆ ಟ್ಯೂನಿಂಗ್ ಕೂಡ ನೋಡಿಕೊಳ್ಳಿ. ರಾಕ್‌ಗೆ ಅಂತ ಸ್ನೇರ್ ತಗ್ಗಿಸಿ ಇಟ್ಟಿದ್ದರೆ ರೆಗ್ಗೆ ಫಿಲ್‌ಗಳು (ಭಾಗಗಳ ನಡುವೆ ಹಾಕುವ ಚಿಕ್ಕ ಚಿಕ್ಕ ಓಟಗಳು) ಮಣ್ಣಿಗೆ ಬಿದ್ದ ಹಾಗೆ ಕೇಳಿಸುತ್ತವೆ. ಮೇಲಿನ ಹೆಡ್ ಚೆನ್ನಾಗಿ ಬಿಗಿ ಮಾಡಿ. ಕೆಳಗಿನ ತಂತಿಗಳನ್ನು ಸಡಿಲ ಬಿಟ್ಟು ಬಾರಿಸಿದರೆ ಟಿಂಬಾಲೆ (ಲ್ಯಾಟಿನ್ ಸಂಗೀತದ ಲೋಹದ ಡ್ರಮ್) ಥರ ಸದ್ದು ಬರುತ್ತದೆ. ಜಮೈಕಾದ 70ರ ದಶಕದ ರೆಕಾರ್ಡಿಂಗ್‌ಗಳಲ್ಲಿ ಫಿಲ್ ಶುರುವಾಗುವಾಗ ಕೇಳುವ ಆ "ಠಣ್" ಇದೇ ಜಾತಿಯದು. ಕಿಕ್ ಮತ್ತು ಟಾಮ್‌ಗಳಿಗೆ ಉಲ್ಟಾ. ಅವು ಗುಂಯ್‌ಗುಡಬಾರದು. ಬಟ್ಟೆ ಇಟ್ಟು ಒಣ ಸದ್ದು ಮಾಡಿ. ಸದ್ದು ಬೇಗ ನಿಂತರೆ ಮಧ್ಯದ ಖಾಲಿ ಜಾಗ ಖಾಲಿಯಾಗಿಯೇ ಕೇಳಿಸುತ್ತದೆ.

ಡಬ್ (ರೆಗ್ಗೆ ಹಾಡನ್ನು ಬಿಡಿಸಿ ಮತ್ತೆ ಮಿಕ್ಸ್ ಮಾಡಿದ್ದು) ಕೇಳಿದರೆ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಜಮೈಕಾದ ಸೌಂಡ್ ಇಂಜಿನಿಯರ್ ಕಿಂಗ್ ಟಬ್ಬಿ ಹಾಡನ್ನೂ ಗಿಟಾರನ್ನೂ ತೆಗೆದುಹಾಕಿ ಬರೀ ಡ್ರಮ್ಸ್ ಮತ್ತು ಬೇಸ್ ಉಳಿಸುತ್ತಿದ್ದರು. ಒಂದು ಸ್ನೇರ್ ಪೆಟ್ಟಿಗೆ ಮಾತ್ರ ಎಕೋ ಹಾಕಿದರೆ ಅದು ಆ ಖಾಲಿ ಜಾಗದಲ್ಲಿ ತೇಲುತ್ತಾ ಹೋಗುತ್ತದೆ. ಡ್ರಮ್ಮರ್ ಜಾಗ ಬಿಟ್ಟಿದ್ದರಿಂದಲೇ ಅದು ಸಾಧ್ಯ ಆಯಿತು, ಅಲ್ವಾ?

ತನಿ_ತಾರಾ · ಭಾನುವಾರ ಬೆಳಗ್ಗೆ 10:40

ತೂಗುತ್ತಿಲ್ಲ ಅಂದಿರಲ್ಲ, ಅದು ಹೈ-ಹ್ಯಾಟ್‌ನ (ಕಾಲಿಂದ ತೆರೆದು ಮುಚ್ಚುವ ಜೋಡಿ ತಟ್ಟೆ) ಕೆಲಸ. ನೀವು ಹೈ-ಹ್ಯಾಟ್ ಅನ್ನು ಸಮ ಸಮ ಬಾರಿಸುತ್ತಿದ್ದೀರಿ ಅನ್ಸುತ್ತೆ. ರಾಕ್‌ನಿಂದ ಬಂದವರ ಕೈ ಚತುರಶ್ರದಲ್ಲಿ (ನಾಲ್ಕರ ನಡೆ) ಇರುತ್ತದೆ. ಒನ್ ಡ್ರಾಪ್‌ನಲ್ಲಿ ಬಹಳ ಸಲ ಒಳಗೆ ತಿಶ್ರ (ಮೂರರ ನಡೆ) ಓಡುತ್ತಿರುತ್ತದೆ.

ಹೀಗೆ ಮಾಡಿ. 150ರ ಎಣಿಕೆಯ ಪ್ರತಿ ಬೀಟ್‌ಗೆ ಒಂದು "ತಕಿಟ" ಹೇಳಿ. ತಕಿಟ ತಕಿಟ ತಕಿಟ ತಕಿಟ. ಬಾಯಿ ಮೂರೂ ಅಕ್ಷರ ಹೇಳಲಿ, ಬಲಗೈ "ತ" ಮತ್ತು "ಟ" ಮೇಲೆ ಮಾತ್ರ ಬೀಳಲಿ. "ಕಿ" ಬರೀ ಬಾಯಲ್ಲಿ. ಐದು ನಿಮಿಷದಲ್ಲಿ ಕೈ ಕುಂಟುತ್ತಾ ನಡೆಯುವುದು ಶುರುವಾಗುತ್ತದೆ, ಆ ಕುಂಟೇ ನಿಮಗೆ ಬೇಕಾದದ್ದು. ಕಷ್ಟ ಆದರೆ ಮೊದಲು 90ಕ್ಕೆ ಇಳಿಸಿ.

ಮತ್ತೆ ಎಲ್ಲ ಪೆಟ್ಟೂ ಒಂದೇ ತೂಕ ಬೇಡ. ಗಿಟಾರ್ ಚಕ್ ಬೀಳುವ 2 ಮತ್ತು 4ರಲ್ಲಿ ಹೈ-ಹ್ಯಾಟ್ ಸ್ವಲ್ಪ ಜೋರು, ಉಳಿದವು ಮೆಲ್ಲಗೆ.

ರಿಮ್‌ಶಾಟ್_ರಾಯ · ಭಾನುವಾರ ಬೆಳಗ್ಗೆ 11:15

ಈ ತಕಿಟ ಉಪಾಯಕ್ಕೆ ಕೈ ಮುಗಿದೆ. ಆದರೆ ಒಂದು ಎಚ್ಚರಿಕೆ. ಎಲ್ಲ ಹಾಡಿಗೂ ತಿಶ್ರ ಹೊಂದುವುದಿಲ್ಲ. ಗಿಟಾರ್‌ನವರು ನೇರವಾಗಿ ಬಾರಿಸುತ್ತಿದ್ದರೆ ನಿಮ್ಮ ಹೈ-ಹ್ಯಾಟ್ ಕುಂಟುವುದು ಜಗಳ ಆಡಿದ ಹಾಗೆ ಕೇಳಿಸುತ್ತದೆ. ಮೊದಲು ಅವರ ಕೈ ಕೇಳಿ.

ಹಾಯಾಗಿ ಕೇಳಿಸಬೇಕು ಅಂದರೆ ಮುಖ್ಯವಾಗಿ ಬೀಟ್‌ಗಿಂತ ಒಂದು ಎಳೆ ಹಿಂದೆ ಬಾರಿಸಬೇಕು. ಅದೇ ರೆಗ್ಗೆಯ ಜೀವ.

ಸ್ಪ್ಲ್ಯಾಶ್_ಶೇಷು · ಭಾನುವಾರ ಮಧ್ಯಾಹ್ನ 12:03

ಅದೇ ಜೀವ ಅಂದರೆ ಡ್ರಮ್ಮರ್ ಸ್ಟೂವರ್ಟ್ ಕೋಪ್‌ಲ್ಯಾಂಡ್ ಅವರನ್ನು ಎಲ್ಲಿಗೆ ಸೇರಿಸುತ್ತೀರಿ? 1977ರಲ್ಲಿ ಲಂಡನ್‌ನಲ್ಲಿ ಅವರ "ದಿ ಪೊಲೀಸ್" ಅನ್ನುವ ರಾಕ್ ಬ್ಯಾಂಡ್ ಶುರುವಾದ ಮೇಲೆ ರೆಗ್ಗೆಯನ್ನು ರಾಕ್ ಕೇಳುವವರ ಮುಂದೆ ಅಷ್ಟು ಚೆನ್ನಾಗಿ ಇಟ್ಟವರು ಕಡಿಮೆ. ಅವರು ಬೀಟ್‌ನ ಹಿಂದೆ ಇಲ್ಲ, ಮುಂದೆ ಒತ್ತಿಕೊಂಡು ಹೋಗುತ್ತಾರೆ. ಬಿಗಿಯಾದ ಸ್ನೇರ್, ಪುಟ್ಟ ಸ್ಪ್ಲ್ಯಾಶ್ ತಟ್ಟೆಗಳು, ಹೈ-ಹ್ಯಾಟ್ ಮೇಲೆ ಬೆರಳಲ್ಲಿ ಬರೆದ ಹಾಗೆ ಸಣ್ಣ ಸಣ್ಣ ಕೆಲಸ. ಆದರೂ 1 ಖಾಲಿ ಇರುವುದರಿಂದ ಹಾಡಿಗೆ ಉಸಿರಾಡಲು ಜಾಗ ಇರುತ್ತದೆ.

ಕಿಕ್‌ಕಾಲು ಕೇಳಿದ್ದು ರಾಕ್ ಬ್ಯಾಂಡ್‌ಗೆ ಬೇಕಾದ ಗ್ರೂವ್. ಅವರಿಗೆ ಕೋಪ್‌ಲ್ಯಾಂಡ್ ದಾರಿಯೇ ಹತ್ತಿರ.

ರಿಮ್‌ಶಾಟ್_ರಾಯ · ಭಾನುವಾರ ಮಧ್ಯಾಹ್ನ 12:20

ಕೋಪ್‌ಲ್ಯಾಂಡ್ ದೊಡ್ಡವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರು ಮೂಲವನ್ನು ಕೇಳಿ, ಅರಗಿಸಿಕೊಂಡು ಆಮೇಲೆ ತಮ್ಮದು ಮಾಡಿಕೊಂಡರು. ನಾವು ಅವರನ್ನು ಮಾತ್ರ ಕೇಳಿ ಬಾರಿಸಿದರೆ ನಕಲಿನ ನಕಲು ಆಗುತ್ತದೆ. ಮೊದಲು ಜಮೈಕಾ, ಆಮೇಲೆ ಲಂಡನ್.

ಸ್ಪ್ಲ್ಯಾಶ್_ಶೇಷು · ಭಾನುವಾರ ಮಧ್ಯಾಹ್ನ 12:34

ಪಾಪ, ಅವರಿಗೆ ಎರಡು ಹಾಡು ಬಾರಿಸಬೇಕು. ಅಷ್ಟಕ್ಕೆ 20 ವರ್ಷದ ಇತಿಹಾಸ ಓದಿ ಬನ್ನಿ ಅಂದರೆ ಹೇಗೆ? ಜನ ಯಾವ ಬಾಗಿಲಿಂದ ಒಳಗೆ ಬಂದರೂ ಸರಿ, ಬಂದರೆ ಸಾಕು. ನಾನು ರಾಕ್ ಬಾಗಿಲಿಂದಲೇ ಬಂದೆ. ಆಮೇಲೆ ಜಮೈಕಾದ ಡ್ರಮ್ಮರ್ ಸ್ಲೈ ಡನ್‌ಬಾರ್ ಸಿಕ್ಕಿದರು, ಅವರಿಂದ ಹಿಂದಕ್ಕೆ ಹೋಗುತ್ತಾ ಹೋಗುತ್ತಾ ಲಾಯ್ಡ್ ನಿಬ್ ತನಕ ಹೋದೆ.

ಹಳೇಸ್ನೇರ್ · ಭಾನುವಾರ ಮಧ್ಯಾಹ್ನ 1:10

ಲಾಯ್ಡ್ ನಿಬ್ ಹೆಸರು ಎತ್ತಿದ್ದಕ್ಕೆ ಖುಷಿ ಆಯಿತು. ಅವರು ಡ್ರಮ್ಸ್ ಬಾರಿಸಿದ ಸ್ಕಾಟಲೈಟ್ಸ್ 1964ರಲ್ಲಿ ಕಟ್ಟಿದ ತಂಡ. ಆಗಿನದು ಸ್ಕಾ, ಓಟದ ಸಂಗೀತ. 1966ರ ಹೊತ್ತಿಗೆ ಅದು ನಿಧಾನ ಆಗಿ ರಾಕ್‌ಸ್ಟೆಡಿ ಆಯಿತು. 60ರ ದಶಕ ಮುಗಿಯುವಾಗ ರೆಗ್ಗೆ ಅನ್ನುವ ಹೆಸರು ಬಂತು. ವೇಗ ಇಳಿದ ಹಾಗೆ ಡ್ರಮ್ಮರ್‌ಗೆ ಜಾಗ ಸಿಕ್ಕಿತು, ಬೇಸ್‌ಗೆ ಹಾಡಲು ಸಮಯ ಸಿಕ್ಕಿತು.

ಒನ್ ಡ್ರಾಪ್ ಮೊದಲು ಬಾರಿಸಿದವರು ಯಾರು ಅನ್ನುವುದರಲ್ಲಿ ಇವತ್ತಿಗೂ ವಾದ ಇದೆ. ಬಹಳ ಜನ ಕಾರ್ಲ್ಟನ್ ಬ್ಯಾರೆಟ್ ಅನ್ನುತ್ತಾರೆ, ವಿನ್‌ಸ್ಟನ್ ಗ್ರೆನನ್ ಅನ್ನುವವರೂ ಇದ್ದಾರೆ. ಇದಕ್ಕೆಲ್ಲ ಹಿಂದೆ ಜಮೈಕಾದ ರಾಸ್ತಫಾರಿಗಳ ನ್ಯಾಬಿಂಗಿ ಡ್ರಮ್‌ಗಳಿವೆ. ಬೇಸ್, ಫುಂಡೆ, ರಿಪೀಟರ್ ಅಂತ ಮೂರು. ಫುಂಡೆ ಎದೆಬಡಿತದ ಹಾಗೆ ಒಂದೇ ನಡೆ ಹಿಡಿದಿರುತ್ತದೆ, ರಿಪೀಟರ್ ಅದರ ಮೇಲೆ ಮಾತಾಡುತ್ತದೆ. ಕಾರ್ಲ್ಟನ್ ಅವರ ಹೈ-ಹ್ಯಾಟ್ ಕೇಳುವಾಗ ನನಗೆ ಯಾವಾಗಲೂ ರಿಪೀಟರ್ ನೆನಪಾಗುತ್ತದೆ.

ಬೇಸ್‌ತಂತಿ · ಭಾನುವಾರ ಮಧ್ಯಾಹ್ನ 1:41

"ಒಂದು ಎಳೆ ಹಿಂದೆ" ಅನ್ನುವುದರ ಬಗ್ಗೆ. ರಿಮ್‌ಶಾಟ್_ರಾಯ ಅವರೇ, ಈ ಸಲಹೆಯಿಂದ ನಾನು ಬಹಳ ಕಷ್ಟಪಟ್ಟಿದ್ದೇನೆ. ಹಿಂದೊಮ್ಮೆ ನಮ್ಮ ಡ್ರಮ್ಮರ್‌ಗೆ ಯಾರೋ ಹೀಗೇ ಹೇಳಿದ್ದರು. ಅವರು ಹೈ-ಹ್ಯಾಟ್, ಕಿಕ್, ಸ್ನೇರ್ ಎಲ್ಲವನ್ನೂ ಹಿಂದೆ ಎಳೆದರು. ಎಲ್ಲ ಹಿಂದೆ ಹೋದರೆ ಅದು ಹಿಂದೆ ಅಲ್ಲ, ಟೆಂಪೊ ಇಳಿದ ಹಾಗೆ. ನಾಲ್ಕು ನಿಮಿಷದ ಹಾಡು ಕೊನೆಗೆ ಬರುವಷ್ಟರಲ್ಲಿ ತೆವಳುತ್ತಿತ್ತು.

ಹೈ-ಹ್ಯಾಟ್ ಗಡಿಯಾರದ ಹಾಗೆ ಇರಲಿ. ಕ್ರಾಸ್‌ಸ್ಟಿಕ್ ಮತ್ತು ಕಿಕ್ ಮಾತ್ರ ಅದರ ಮೇಲೆ ಒರಗಿಕೊಳ್ಳಲಿ. ಒರಗಲು ಗೋಡೆ ಗಟ್ಟಿ ಇರಬೇಕಲ್ವಾ?

ರಿಮ್‌ಶಾಟ್_ರಾಯ · ಭಾನುವಾರ ಮಧ್ಯಾಹ್ನ 1:50

ಇದು ಸರಿ. ನಾನು ಹೇಳಿದ್ದು ಅರ್ಧ ಆಗಿತ್ತು. ಹೈ-ಹ್ಯಾಟ್ ಹಿಂದೆ ಹೋಗಬಾರದು. ಒಪ್ಪಿದೆ.

ಹೊಸಕೈ · ಭಾನುವಾರ ಮಧ್ಯಾಹ್ನ 2:25

ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನಾನು ಕಲಿಯಲು ಶುರು ಮಾಡಿ 5 ತಿಂಗಳು. ಒನ್ ಡ್ರಾಪ್, ರಾಕರ್ಸ್, ಸ್ಟೆಪ್ಪರ್ಸ್ ಅಂತ ಮೂರು ಹೆಸರು ಕೇಳಿದ್ದೇನೆ. ವ್ಯತ್ಯಾಸ ಏನು?

ಮೂರನೇಪೆಟ್ಟು · ಭಾನುವಾರ ಮಧ್ಯಾಹ್ನ 2:38

ಮುಖ್ಯವಾಗಿ ಕಿಕ್ ನೋಡಿ. ಚಕ್ 2 ಮತ್ತು 4ರಲ್ಲಿ ಬೀಳುವ ಎಣಿಕೆಯಲ್ಲಿ ಹೇಳುತ್ತೇನೆ. 3ರಲ್ಲಿ ಮಾತ್ರ ಕಿಕ್ ಇದ್ದರೆ ಒನ್ ಡ್ರಾಪ್. 1ರಲ್ಲೂ ಕಿಕ್ ಬಂದು ಮುಂದೆ ತಳ್ಳುತ್ತಿದ್ದರೆ ಅದು ರಾಕರ್ಸ್ ಕಡೆಗೆ, ಅದನ್ನು ಬೆಳೆಸಿದವರಲ್ಲಿ ಸ್ಲೈ ಡನ್‌ಬಾರ್ ದೊಡ್ಡ ಹೆಸರು. ನಾಲ್ಕೂ ಬೀಟ್‌ಗೆ ಕಿಕ್ ಇದ್ದರೆ ಸ್ಟೆಪ್ಪರ್ಸ್, ನಡಿಗೆಯ ಹಾಗೆ. ರಾಕ್ ಬ್ಯಾಂಡ್‌ಗಳು ರೆಗ್ಗೆ ಬಾರಿಸುವಾಗ ಮೂರನ್ನೂ ಒಂದೇ ಹಾಡಿನಲ್ಲಿ ಬೆರೆಸುತ್ತವೆ. ಮೊದಲ ಚರಣ ಒನ್ ಡ್ರಾಪ್, ಎರಡನೆಯದು ಸ್ಟೆಪ್ಪರ್ಸ್ ಅಂತ ಮಾಡಿದರೆ ವೇಗ ಏರಿಸದೇ ಹಾಡಿಗೆ ಬಿಸಿ ಏರುತ್ತದೆ.

ಸದ್ದುಮನೆ · ಭಾನುವಾರ ಮಧ್ಯಾಹ್ನ 3:02

ವಿಷಯ ಸ್ವಲ್ಪ ಬಿಟ್ಟು ಹೋಗುತ್ತೇನೆ, ಆದರೆ ಇದನ್ನು ಹೇಳದೇ ಇರಲಾರೆ. ರಾಕ್ ರೆಗ್ಗೆಯಿಂದ ತೆಗೆದುಕೊಂಡಿದ್ದನ್ನೇ ಮಾತಾಡುತ್ತಿದ್ದೇವೆ. ತಿರುಗಿ ಹೋದದ್ದೂ ಉಂಟು. 1985ರಲ್ಲಿ ರೆಗ್ಗೆ ನಿರ್ಮಾಪಕ ಕಿಂಗ್ ಜ್ಯಾಮಿ ಅವರ ಸ್ಟುಡಿಯೊದಿಂದ ಬಂದ ಒಂದು ರಿದಮ್ ಜಮೈಕಾದಲ್ಲಿ ಎಲ್ಲವನ್ನೂ ಬದಲಾಯಿಸಿತು. ಅದರ ಮೂಲ ಕ್ಯಾಸಿಯೊ ಎಂಟಿ-40 ಅನ್ನುವ ಪುಟ್ಟ ಕೀಬೋರ್ಡ್‌ನಲ್ಲಿದ್ದ "ರಾಕ್" ಅನ್ನುವ ಸಿದ್ಧ ತಾಳ. ಅದನ್ನು ನಿಧಾನ ಮಾಡಿಕೊಂಡರು. ಆ ತಾಳವನ್ನು ಕೀಬೋರ್ಡ್‌ಗೆ ಹಾಕಿದವರು ಹಿರೊಕೊ ಒಕುಡಾ, ಕ್ಯಾಸಿಯೊದಲ್ಲಿ ಕೆಲಸ ಮಾಡುತ್ತಿದ್ದವರು. ಅವರಿಗೆ ರೆಗ್ಗೆ ಅಂದರೆ ಪ್ರಾಣ. ಎಷ್ಟು ಚೆಂದ ಅಲ್ವಾ?

ಕಡ್ಡಿಜೋಡಿ · ಭಾನುವಾರ ಮಧ್ಯಾಹ್ನ 3:09

ಇದು ಗೊತ್ತೇ ಇರಲಿಲ್ಲ. ಅದು ಬಂದಮೇಲೆ ಡ್ರಮ್ಮರ್‌ಗಳಿಗೆ ಕೆಲಸ ಕಮ್ಮಿ ಆಗಿರಬೇಕು, ಅದನ್ನು ನೆನೆದರೆ ಬೇಜಾರು.

ಸ್ಪ್ಲ್ಯಾಶ್_ಶೇಷು · ಭಾನುವಾರ ಮಧ್ಯಾಹ್ನ 3:15

ಸ್ಲೈ ಡನ್‌ಬಾರ್ ಅವರೇ 80ರ ದಶಕದಲ್ಲಿ ಎಲೆಕ್ಟ್ರಾನಿಕ್ ಡ್ರಮ್ಸ್ ಇಟ್ಟುಕೊಂಡು ಬಾರಿಸಿದರು. ಯಂತ್ರ ಬಂತು ಅಂತ ಕೈ ಬಿಡಲಿಲ್ಲ. ಸರಿ, ವಿಷಯಕ್ಕೆ ಬರೋಣ. ಕೋರಸ್‌ನಲ್ಲಿ ಓಡುವುದರ ಬಗ್ಗೆ ಇನ್ನೂ ಯಾರೂ ಹೇಳಿಲ್ಲ.

ಮೂರನೇಪೆಟ್ಟು · ಭಾನುವಾರ ಸಂಜೆ 5:20

ಕಿಕ್‌ಕಾಲು, ಕೋರಸ್‌ನಲ್ಲಿ ರಾಕ್ ಬೀಟ್ ಬಾರಿಸುವಾಗ ಸ್ನೇರ್ 150ರ ಎಣಿಕೆಯ 2 ಮತ್ತು 4ರಲ್ಲಿ ಬರುತ್ತದಾ?

ಕಿಕ್‌ಕಾಲು · ಭಾನುವಾರ ಸಂಜೆ 5:33

ಹೌದು, 150ರ 2 ಮತ್ತು 4. ಅದಕ್ಕೇ ಇರಬೇಕು ಚರಣದಿಂದ ಬಂದ ಕೂಡಲೇ ಎರಡು ಪಟ್ಟು ಓಡಿದ ಹಾಗೆ ಅನ್ಸುತ್ತೆ.

ಮೂರನೇಪೆಟ್ಟು · ಭಾನುವಾರ ಸಂಜೆ 5:58

ಹಾಗಾದರೆ ನಿಮಗೆ ಒಂದೇ ಅಭ್ಯಾಸ ಸಾಕು.

ಕ್ಲಿಕ್ 75ರಲ್ಲೇ ಇರಲಿ. ಆದರೆ ಅದನ್ನು 1 ಮತ್ತು 3 ಅಂತ ಕೇಳಬೇಡಿ, 2 ಮತ್ತು 4 ಅಂತ ಕೇಳಿ. ಅಂದರೆ ಕ್ಲಿಕ್ಕೇ ಗಿಟಾರ್ ಚಕ್. ಈಗ ನಿಮ್ಮ ಡ್ರಾಪ್ ಎರಡು ಕ್ಲಿಕ್‌ಗಳ ಸರಿಯಾಗಿ ನಡುವೆ ಬೀಳಬೇಕು. 1 ಹೇಳಿಕೊಡಲು ಕ್ಲಿಕ್ ಕೂಡ ಇಲ್ಲ, ಕಿಕ್ ಕೂಡ ಇಲ್ಲ. ನೀವೇ ಹಿಡಿದಿರಬೇಕು. ತನಿ_ತಾರಾ ಹೇಳಿದ "ಒಂದು" ಅನ್ನುವುದನ್ನು ಇಲ್ಲಿ ಬಾಯಲ್ಲಿ ಹೇಳಿ. ಮೊದಲ ದಿನ ಕ್ಲಿಕ್ ಎಳೆದುಕೊಂಡು ಹೋಗಿ ಮತ್ತೆ 1ಕ್ಕೆ ಬಂದು ಕೂರುತ್ತದೆ. ಬಿಡದೇ ಮತ್ತೆ ಶುರು ಮಾಡಿ.

ಕೋರಸ್ ಬಂದಾಗ ಅದೇ ಕ್ಲಿಕ್ ಮೇಲೆ ನಿಮ್ಮ ಸ್ನೇರ್ ಬೀಳುತ್ತದೆ. ಚರಣದಲ್ಲಿ ಗಿಟಾರ್ ಎಲ್ಲಿ ಚಕ್ ಅನ್ನುತ್ತಿತ್ತೋ ಕೋರಸ್‌ನಲ್ಲಿ ಸ್ನೇರ್ ಅಲ್ಲೇ. ಜಾಗ ಹೊಸದಲ್ಲ. ಚರಣದ ಕೊನೆಯ ನಾಲ್ಕು ಬಾರ್‌ನಲ್ಲಿ ಗಿಟಾರನ್ನು ಕೇಳುತ್ತಾ ಒಳಗೇ ಅಲ್ಲಿ ಸ್ನೇರ್ ಹೊಡೆಯಿರಿ. ಆಮೇಲೆ ನಿಜವಾಗಿ ಹೊಡೆಯಿರಿ.

8 ಬಾರ್ ಒನ್ ಡ್ರಾಪ್, 8 ಬಾರ್ ರಾಕ್, ಹೀಗೆ ಹತ್ತು ನಿಮಿಷ. ನಡುವೆ ಫಿಲ್ ಬೇಡ.

ಹಳೇಸ್ನೇರ್ · ಭಾನುವಾರ ಸಂಜೆ 6:15

ಫಿಲ್ ಬೇಡ ಅಂದಿದ್ದು ತುಂಬಾ ಸರಿ. ಓಟ ಶುರುವಾಗುವುದು ಅಲ್ಲೇ. ಮತ್ತೆ ಫಿಲ್ ಹಾಕುವ ದಿನ ಬಂದಾಗ, ಚರಣದೊಳಗಿನ ಫಿಲ್ ಮುಗಿಸಿ 1ರಲ್ಲಿ ಕ್ರ್ಯಾಶ್ ಹೊಡೆಯಬೇಡಿ. ಹಿಂದಿನ ಬಾರ್‌ನ 4ರಲ್ಲೇ ಕ್ರ್ಯಾಶ್ ಮುಗಿಸಿ 1 ಖಾಲಿ ಬಿಡಿ, 3ರಲ್ಲಿ ಮತ್ತೆ ಡ್ರಾಪ್. ರಾಕ್ ಕೈಗೆ ಇದು ಬಾಗಿಲು ತೆರೆದು ಒಳಗೆ ಹೋಗದೇ ನಿಂತ ಹಾಗೆ ಅನ್ಸುತ್ತೆ. ಕೇಳುವವರಿಗೆ ಅದೇ ರುಚಿ. 1ರ ಕ್ರ್ಯಾಶ್ ಅನ್ನು ಕೋರಸ್‌ಗೆ ಎತ್ತಿಡಿ. ಆಗ ಅದಕ್ಕೆ ಬೆಲೆ ಬರುತ್ತದೆ.

ಹೊಸಕೈ · ಭಾನುವಾರ ರಾತ್ರಿ 8:44

ಕ್ಲಿಕ್ ಅನ್ನು 2 ಮತ್ತು 4 ಅಂತ ಕೇಳಲು ಒಂದು ಗಂಟೆಯಿಂದ ಪ್ರಯತ್ನ ಪಡುತ್ತಿದ್ದೇನೆ. ಆಗುತ್ತಿಲ್ಲ. ಹೇಗೆ ಶುರು ಮಾಡಬೇಕು?

ತನಿ_ತಾರಾ · ಭಾನುವಾರ ರಾತ್ರಿ 9:02

ಡ್ರಮ್ಸ್ ಬಿಟ್ಟು ಎದ್ದು ನಿಲ್ಲಿ. ಒಂದೇ ಕಡೆ ನಡೆಯಿರಿ. ಎಡಗಾಲು ಇಟ್ಟಾಗ "ಒಂದು", ಬಲಗಾಲಿಗೆ "ಎರಡು" ಅಂತ ಎಣಿಸಿ. ಬಲಗಾಲು ಕ್ಲಿಕ್ ಜೊತೆ ಬೀಳುವ ಹಾಗೆ ಹೊಂದಿಸಿ. ಕಾಲಿಗೆ ಬಂದಮೇಲೆ ಕೂತು ಬಾರಿಸಿ. ಐದು ತಿಂಗಳಿಗೇ ಇದನ್ನು ಹಿಡಿದಿದ್ದೀರಿ, ನಿಧಾನವಾಗಿ ಬರುತ್ತದೆ.

ಕಿಕ್‌ಕಾಲು · ಎರಡು ವಾರದ ನಂತರ, ಭಾನುವಾರ ಸಂಜೆ 7:05

ಮತ್ತೆ ಬಂದೆ. ದಿನಾ ಅರ್ಧ ಗಂಟೆ ಮೂರನೇಪೆಟ್ಟು ಹೇಳಿದ ಅಭ್ಯಾಸ ಮಾಡಿದೆ. ನಾಲ್ಕನೇ ದಿನದ ತನಕ ಕ್ಲಿಕ್ ನನ್ನನ್ನು ಎಳೆದುಕೊಂಡು 1ಕ್ಕೆ ಕೂರಿಸುತ್ತಿತ್ತು. ಐದನೇ ದಿನ ಏನೋ ಆಯಿತು. "ಒಂದು" ಅಂತ ಬಾಯಲ್ಲಿ ಹೇಳುತ್ತಿದ್ದೆ, ಕಾಲು ಪೆಡಲ್ ಮೇಲೆ ಸುಮ್ನೆ ಕೂತಿತ್ತು. ಅದಕ್ಕೆ ಹೊಡೆಯಬೇಕು ಅನ್ನಿಸಲೇ ಇಲ್ಲ. 3 ಬಂತು, ಕಿಕ್ಕೂ ಕ್ರಾಸ್‌ಸ್ಟಿಕ್ಕೂ ಒಟ್ಟಿಗೆ ಬಿದ್ದವು. ಒಂದೇ ವಾದ್ಯದ ಸದ್ದಿನ ಹಾಗೆ ಕೇಳಿಸಿತು. ಕಡ್ಡಿ ಮೇಲೆ ಪೆನ್ಸಿಲ್ ಗೆರೆಯೂ ಇದೆ.

ನಿನ್ನೆ ಬೇಸ್ ಗೆಳೆಯನ ಜೊತೆ ಇಬ್ಬರೇ ಅರ್ಧ ಗಂಟೆ ಬಾರಿಸಿದೆವು. ಅವನು ನಿಲ್ಲಿಸಲಿಲ್ಲ. ಬಾರಿಸುತ್ತಲೇ ಕಣ್ಣು ಮುಚ್ಚಿಕೊಂಡ.

ಪೂರ್ತಿ ಬ್ಯಾಂಡ್ ಜೊತೆ ರೆಕಾರ್ಡ್ ಮಾಡಿ ಅಳೆದೆ. ಚರಣ 75, ಕೋರಸ್ 76. ರೆಕಾರ್ಡಿಂಗ್ ಹಾಕಿದ್ದೇನೆ, ಕೇಳಿ ಹೇಳಿ.

ಬೇಸ್‌ತಂತಿ · ಭಾನುವಾರ ಸಂಜೆ 7:30

ಕೇಳಿದೆ. ಎರಡನೇ ಚರಣದಲ್ಲಿ ನೀವು ಎರಡು ಬಾರ್ ಕಿಕ್ಕನ್ನೂ ಬಿಟ್ಟು ಬರೀ ಹೈ-ಹ್ಯಾಟ್ ಇಟ್ಟಿರಲ್ಲ, ಅಲ್ಲಿ ಬೇಸ್ ಒಬ್ಬನೇ ಹಾಡಿದ್ದು ಎಷ್ಟು ಚೆನ್ನಾಗಿದೆ! ಅದನ್ನು ಹಾಗೇ ಉಳಿಸಿಕೊಳ್ಳಿ.

ರಿಮ್‌ಶಾಟ್_ರಾಯ · ಭಾನುವಾರ ಸಂಜೆ 7:41

ತೂಗುತ್ತಿದೆ. ತಲೆ 75ಕ್ಕೇ ತೂಗುತ್ತಿದೆ.

ಹಳೇಸ್ನೇರ್ · ಭಾನುವಾರ ರಾತ್ರಿ 8:15

ಟೊಕ್ ಬಂದಿದೆ. ಒಂದು ಕಡೆ ಮಾತ್ರ ನೋಡಿಕೊಳ್ಳಿ. ಮೊದಲ ಚರಣ ಮುಗಿಯುವ ಮುಂಚೆ, ಕೊನೆಯ ಎರಡು ಬಾರ್‌ನಲ್ಲಿ ಹೈ-ಹ್ಯಾಟ್ ಬಾಯಿ ಸ್ವಲ್ಪ ತೆರೆದುಕೊಳ್ಳುತ್ತಿದೆ. ಕೋರಸ್ ಬರುತ್ತೆ ಅಂತ ಎಡಗಾಲಿಗೆ ಮೊದಲೇ ಗೊತ್ತಾಗಿ ಹಿಮ್ಮಡಿ ಏಳುತ್ತಿರಬೇಕು. ಆ 76 ಅಲ್ಲಿಂದ ಬಂದಿದೆ ಅನ್ಸುತ್ತೆ.

ಕಿಕ್‌ಕಾಲು · ಭಾನುವಾರ ರಾತ್ರಿ 8:22

ಈಗಷ್ಟೇ ಕೇಳಿ ನೋಡಿದೆ. ಹೌದು, ಎರಡೂ ಹಾಡಲ್ಲಿ ಅದೇ ಜಾಗದಲ್ಲಿ ತೆರೆಯುತ್ತಿದೆ. ನಾಳೆ ಎಡಗಾಲಿಂದ ಶುರು ಮಾಡುತ್ತೇನೆ.